ಬೊಳ್ಳಿಯ ಪಥ್ಯ

ಆ ಬುಧವಾರ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಹೆಂಡತಿ ಸುಮತಿ ಮಣಿಪಾಲದ ಪಶುವೈದ್ಯೆಗೆ ಫೋನ್ ಮಾಡಿ, ನಮ್ಮ ಬೆಕ್ಕು ಬೊಳ್ಳಿಗೆ ಇನ್ನು ಮರಿಯಾಗದ ಹಾಗೆ ಆಪರೇಷನ್ ಮಾಡಿಸಲು ದಿನ ಗೊತ್ತುಮಾಡಿದಳು. "ನೀವು ಬುಟ್ಟಿ ಹಿಡ್ಕೊಂಡ್ರೆ ಸಾಕು, ಉಳಿದದ್ದು ನಾನು ನೋಡ್ತೇನೆ" ಎಂದಳು. ಮೂವತ್ತು ವರ್ಷಗಳ ಸಂಸಾರದಲ್ಲಿ ನನಗೆ ಸಿಕ್ಕ ಹುದ್ದೆಗಳೆಲ್ಲ ಇದೇ ದರ್ಜೆಯವು, ನನಗೂ ತಕರಾರಿರಲಿಲ್ಲ. ಮರುದಿನ ಬೆಳಿಗ್ಗೆ ಅವಳ ಹೃದಯ ನಿಂತಿತು.

ಎರಡು ತಿಂಗಳ ಬಳಿಕ ನಮ್ಮೂರು ಕಾಪುವಿನಿಂದ ಮಣಿಪಾಲಕ್ಕೆ ಬುಟ್ಟಿಯನ್ನೂ ಬೆಕ್ಕನ್ನೂ ನಾನೇ ಹಿಡಿದುಕೊಂಡು ಹೋದೆ. ಸಂಜೆ ಬೊಳ್ಳಿ ಹೊಟ್ಟೆಗೆ ಹೊಲಿಗೆ, ಕುತ್ತಿಗೆಗೆ ಕಿವಿ ಮುಚ್ಚುವಷ್ಟು ಅಗಲದ ಪ್ಲಾಸ್ಟಿಕ್ ಪಟ್ಟಿ ಹಾಕಿಸಿಕೊಂಡು ಮರಳಿತು. ಊರಿನ ಅರ್ಧದಷ್ಟು ಬಾಣಂತಿಯರನ್ನು ಮೀಯಿಸಿದ ಪಕ್ಕದ ಮನೆಯ ಗಿರಿಜಕ್ಕ ಬಂದು ನೋಡಿ ಮೆಚ್ಚಿದರು.

"ಡಾಕ್ಟ್ರು ಬುದ್ಧಿವಂತರು ಮಾರಾಯ. ಕಿವಿಗೆ ಗಾಳಿ ಹೋಗದ ಹಾಗೆ ಮಾಡಿದ್ದಾರೆ."

"ಅದು ಗಾಯ ನೆಕ್ಕಬಾರದು ಅಂತ, ಗಿರಿಜಕ್ಕ. ಬೆಕ್ಕು ಹೆತ್ತದ್ದಲ್ಲ."

"ಹೊಟ್ಟೆ ಕೊಯ್ದದ್ದು ಹೌದಲ್ವಾ? ಹಾಗಾದ್ರೆ ಬಾಣಂತಿಯೇ. ಬಂಗುಡೆ ಮೀನು ಗೀನು ಕೊಡಬೇಡ, ನಂಜು. ಗಾಯ ಕೀವಾಗ್ತದೆ. ಬಿಸಿ ಗಂಜಿ ಕೊಡು."

ಇನ್ನು ಹೆರಲೇಬಾರದೆಂದು ಆಪರೇಷನ್ ಮಾಡಿಸಿದ ಬೆಕ್ಕಿಗೆ ಹೀಗೆ ಬಾಣಂತನ ಶುರುವಾಯಿತು. ನಗು ಬಂತು, ಆದರೂ ಗಂಜಿ ಬೇಯಿಸಿದೆ. ಹೆಂಗಸರು ಹೇಳಿದ್ದನ್ನು ಮಾಡಿಯೇ ರೂಢಿಯಾದವನು ನಾನು. ಹೇಳುವವರು ಪಕ್ಕದ ಮನೆಯವರಾದರೂ ಕೈ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಬೊಳ್ಳಿ ಗಂಜಿಯನ್ನು ನೋಡಿತು, ನನ್ನನ್ನು ನೋಡಿತು, ಗೋಡೆಯ ಕಡೆ ತಿರುಗಿ ಮಲಗಿತು. ಮರುದಿನವೂ ಅಷ್ಟೇ. ಸುಮತಿಯ ಕೈಯಿಂದ ಉಂಡ ಜೀವ, ಅವಳ ಹಿಂದೆಯೇ ಹೊರಟಿತೆಂದು ನನಗೆ ಖಾತ್ರಿಯಾಯಿತು. ದುಃಖದಲ್ಲಿರುವವನಿಗೆ ಎಲ್ಲ ಕಡೆ ದುಃಖವೇ ಕಾಣುತ್ತದೆ. ಬೆಕ್ಕಿಗೆ ಗಂಜಿ ಸೇರದೆ ಇರಬಹುದು ಎಂಬುದು ಹೊಳೆಯುವುದಿಲ್ಲ.

ಮೂರನೆಯ ಬೆಳಿಗ್ಗೆ ವೈದ್ಯೆಗೆ ಫೋನ್ ಮಾಡಿ, ಬೊಳ್ಳಿ ಏನೂ ತಿನ್ನುತ್ತಿಲ್ಲ ಎಂದೆ.

"ತಿನ್ಲಿಕ್ಕೆ ಎಂತ ಕೊಡ್ತಾ ಇದ್ದೀರಿ?"

"ಗಂಜಿ."

"ಅದು ಬೆಕ್ಕು ಮಾರಾಯ್ರೆ! ಮೀನು ಬೇಯಿಸಿ, ಮುಳ್ಳು ತೆಗೆದು ಕೊಡಿ. ಉಪ್ಪು, ಖಾರ ಬೇಡ. ಅದನ್ನೂ ತಿನ್ನದಿದ್ರೆ ಈಗಲೇ ಕರ್ಕೊಂಡು ಬನ್ನಿ."

ಎರಡು ಬಂಗುಡೆ ಬೇಯಿಸಿದೆ. ಬೊಳ್ಳಿ ಕೊರಳಪಟ್ಟಿಯ ಅಂಚಿನಿಂದ ತಟ್ಟೆಯನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ, ಅಲ್ಲಿ ಅದನ್ನು ಸಿಕ್ಕಿಸಿಕೊಂಡು, ಚೂರೂ ಬಿಡದೆ ತಿಂದಿತು.

ಈಗ ಹೊಲಿಗೆ ಒಣಗಿದೆ. ಎಲ್ಲ ಗಂಜಿಯ ಗುಣವೆಂದೇ ಗಿರಿಜಕ್ಕನಿಗೆ ಹೇಳಿದ್ದೇನೆ. ಹೊಟ್ಟೆ ಕೊಯ್ದ ಬೆಕ್ಕನ್ನು ಎರಡು ದಿನ ಉಪವಾಸ ಕೆಡವಿದವನಿಗೆ ಈ ಮನೆಯಲ್ಲಿ ಚೆನ್ನಾಗಿ ಬೈಗುಳ ಬೀಳಬೇಕಿತ್ತು. ಬೈಯುವವಳಿಲ್ಲ.