ಗುರುತು ಸಿಗದ ತಲೆ

ಎಲ್ಲಕ್ಕೂ ಕಾರಣ ಬಸ್ಸಿನಲ್ಲಿ ಸಿಕ್ಕ ಒಂದು ಸೀಟು.

ವಿಮಾ ಕಂಪನಿಯ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ನೋಡುವ ಗುಮಾಸ್ತರಿಗೆ ನಲವತ್ತೊಂಬತ್ತು ವಯಸ್ಸು. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಕಿಟಕಿಯ ಪಕ್ಕ ಕೂತಿದ್ದ ಹೆಂಗಸೊಬ್ಬಳು ಎದ್ದು, "ಕೂತ್ಕೊಳ್ಳಿ ತಾತ," ಎಂದಳು. ಆಕೆಗೂ ನಲವತ್ತು ದಾಟಿತ್ತು. ಗುಮಾಸ್ತರು ಕೂತರು. ಬೇಡವೆಂದಿದ್ದರೆ ಇನ್ನೂ ಹತ್ತು ಜನ ತಿರುಗಿ ನೋಡುತ್ತಿದ್ದರು. ಆದರೆ ಮನೆಗೆ ಮೂರು ಸ್ಟಾಪು ಇರುವಾಗಲೇ ಇಳಿದು, ಎದುರಿಗೆ ಕಂಡ ದೊಡ್ಡ ಅಂಗಡಿಗೆ ನುಗ್ಗಿದರು.

ಕಪ್ಪು ಎಂದರೆ ಒಂದೇ ಬಣ್ಣವೆಂದು ಅವರು ಈವರೆಗೆ ನಂಬಿದ್ದರು. ಅಲ್ಲಿ ಕೂದಲಿಗೆ ಹಚ್ಚುವ ಬಣ್ಣದಲ್ಲೇ ಏಳು ಕಪ್ಪುಗಳಿದ್ದವು. ಸಹಜ ಕಪ್ಪು, ಗಾಢ ಕಪ್ಪು, ನೀಲಿಗಪ್ಪು, ಕಂದುಗಪ್ಪು, ಇನ್ನು ಮೂರರ ಹೆಸರು ಅವರಿಗೆ ಓದಲು ಬರಲಿಲ್ಲ. ಡಬ್ಬಿಗಳ ಮೇಲಿನ ಗಂಡಸರೆಲ್ಲ ಆಗಷ್ಟೇ ಸಾಲ ಮನ್ನಾ ಆದವರಂತೆ ನಗುತ್ತಿದ್ದರು.

"ಯಾರಿಗೆ ಸಾರ್?" ಎಂದು ಅಂಗಡಿಯಾಕೆ ಕೇಳಿದಳು.

"ಸ್ನೇಹಿತರೊಬ್ಬರಿಗೆ."

"ಅವರ ಕೂದಲು ಹೇಗಿದೆ? ನಿಮ್ಮ ಥರಾನೇನಾ?"

"ಹೆಚ್ಚೂಕಮ್ಮಿ."

"ಹಾಗಾದ್ರೆ ನಿಮ್ಮ ಸ್ನೇಹಿತರಿಗೆ ಗಾಢ ಕಪ್ಪೇ ಬೇಕು. ಬಣ್ಣ ಹಚ್ಚಿದ ಮೇಲೆ ಕೂದಲು ಒರಟಾಗುತ್ತೆ, ಅದಕ್ಕೆ ಈ ಜೆಲ್ ತಗೊಳ್ಳಿ. ಎಂಥಾ ಗಾಳೀಲೂ ಅಲ್ಲಾಡಲ್ಲ."

ಗುಮಾಸ್ತರು ಎರಡನ್ನೂ ಊಟದ ಡಬ್ಬಿಯ ಚೀಲದೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಹೆಂಡತಿ ವಾಕಿಂಗಿಗೆ ಹೋದದ್ದೇ ತಡ, ಬಚ್ಚಲಲ್ಲಿ ಕೆಲಸ ಶುರುವಾಯಿತು. ಡಬ್ಬಿಯೊಳಗಿನ ಸೂಚನೆಯ ಹಾಳೆ ಹಾಸಿಗೆ ಹೊದಿಕೆಯಷ್ಟು ದೊಡ್ಡದಿತ್ತು, ಅಕ್ಷರಗಳು ಸಾಸಿವೆಗಿಂತ ಚಿಕ್ಕವಿದ್ದವು. ಅದನ್ನು ಬೆಳಕಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಪೇಪರು ಕೇಳಿಕೊಂಡು ಬಂದರು. ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಯಾರ ಕೈಯಲ್ಲಾದರೂ ಬ್ರಷ್ಷು ಕಂಡರೆ ಕಸಿದುಕೊಳ್ಳುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ.

"ಕೊಡಿ ಇಲ್ಲಿ. ಬಣ್ಣ ಅಂದ್ರೆ ನನಗೆ ಬಿಡಬೇಕು."

"ಮೂವತ್ತು ನಿಮಿಷ ಬಿಡಬೇಕು ಅಂತ ಬರ್ದಿದೆ ಮೇಷ್ಟ್ರೇ."

"ಅದು ಸಾಮಾನ್ಯ ತಲೆಗೆ. ನಿಮ್ಮದು ಹಠದ ಕೂದಲು. ಒಂದು ಗಂಟೆ ಇರಲಿ."

ಮೇಷ್ಟ್ರು ತಲೆ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು. ಚಿತ್ರಕ್ಕೆ ಸಮತೋಲನ ಬಂದಿಲ್ಲವೆನಿಸಿತು. ಗುಮಾಸ್ತರು ಬೇಡವೆನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೀಸೆಗೂ ಎರಡು ಹುಬ್ಬಿಗೂ ಬಣ್ಣ ಬಿದ್ದಾಗಿತ್ತು. ಬಾಯಿ ತೆರೆದದ್ದರಿಂದ ಒಂದು ಹಲ್ಲಿಗೂ ಸ್ವಲ್ಪ ತಾಗಿತು.

ಒಂದು ಗಂಟೆಯ ಮೇಲೆ ನಲ್ಲಿ ತಿರುಗಿಸಿದರೆ ನಾಲ್ಕು ಹನಿ ಉದುರಿ ನೀರು ನಿಂತಿತು. ಬಕೆಟ್ಟಿನಲ್ಲಿದ್ದ ಅರ್ಧ ನೀರು ತಲೆಗೇ ಆಯಿತು, ಹಣೆಯವರೆಗೆ ಬರಲಿಲ್ಲ. ವಾಕಿಂಗ್ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಡುತ್ತಾ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು ಬೇಕಾಗಿತ್ತು?" ಎಂದಳು.

ಅವಳು ತಮಾಷೆ ಮಾಡುತ್ತಿದ್ದಾಳೋ ಇಲ್ಲವೋ ಎಂಬುದು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗುಮಾಸ್ತರಿಗೆ ಒಮ್ಮೆಯೂ ತಿಳಿದಿರಲಿಲ್ಲ. ಆವತ್ತೂ ತಿಳಿಯಲಿಲ್ಲ. ಒಣಗಿದ ಕೂದಲು ತೆಂಗಿನ ನಾರಿನಂತೆ ನಿಂತಿತ್ತು. ಜೆಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದರು. ಬಸ್ಸಿನಲ್ಲಿ ಯಾರೂ ಸೀಟು ಬಿಟ್ಟುಕೊಡಲಿಲ್ಲ. ಗುಮಾಸ್ತರು ಮೊದಲ ಸಲ ನಿಂತುಕೊಂಡೇ ಹಾಯಾಗಿ ಪ್ರಯಾಣ ಮಾಡಿದರು. ಆ ದಿನ ಅವರಿಗೆ ದಕ್ಕಿದ ಸುಖ ಅಷ್ಟೇ.

ಕಚೇರಿಯ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರವಿತ್ತು. ಗುಮಾಸ್ತರು ಅದರ ಮುಂದೆ ನಿಂತರು.

"ಗುರುತು ಸಿಗಲಿಲ್ಲ," ಎಂದಿತು ಯಂತ್ರ.

ಕನ್ನಡಕ ತೆಗೆದು ನಿಂತರು. ಹಾಕಿಕೊಂಡು ನಿಂತರು. ಸ್ವಲ್ಪ ನಕ್ಕೂ ನೋಡಿದರು.

"ಗುರುತು ಸಿಗಲಿಲ್ಲ."

ಯಂತ್ರದ ಹೊಟ್ಟೆಯಲ್ಲಿ ಇದ್ದದ್ದು ಎರಡು ವರ್ಷದ ಹಿಂದಿನ ಫೋಟೊ. ಬಿಳಿ ತಲೆ, ಬಿಳಿ ಹುಬ್ಬು, ಬಿಳಿ ಮೀಸೆ. ಬೇರೆ ದಿನವಾಗಿದ್ದರೆ ಗುಮಾಸ್ತರು ಇಷ್ಟು ಬೆವರುತ್ತಿರಲಿಲ್ಲ. ಆದರೆ ತಿಂಗಳಲ್ಲಿ ಮೂರು ದಿನ ಗೈರಾದವರನ್ನು ಹಳೇ ಕಡತಗಳ ಗೋದಾಮಿಗೆ ವರ್ಗ ಮಾಡುವುದೆಂದು ಹೊಸ ಆದೇಶ ಬಂದಿತ್ತು. ಗೋದಾಮಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಅಲ್ಲಿ ಒಂದು ಬಲ್ಬು, ಒಂದು ಕುರ್ಚಿ, ಲೆಕ್ಕವಿಲ್ಲದಷ್ಟು ಇಲಿಗಳು. ಜ್ವರ ಬಂದು ಗುಮಾಸ್ತರದು ಆಗಲೇ ಎರಡು ದಿನ ಹೋಗಿತ್ತು.

"ನೀವು ಎದುರಿಗೇ ಇದ್ದೀರಲ್ಲ ಸಾರ್, ಹೆದರಿಕೆ ಯಾಕೆ?" ಎಂದ ಜವಾನ.

"ಇದ್ರೆ ಸಾಲದು ಕಣಯ್ಯ, ಅದು ಒಪ್ಪಬೇಕು."

ವಿಷಯ ತಿಳಿದು ಲೆಕ್ಕದ ವಿಭಾಗದ ಮೇಡಂ ಎದ್ದು ಬಂದರು. ಮನೆಯಲ್ಲಿ ಮೂರು ಜನ ಹೆಣ್ಣುಮಕ್ಕಳ ತಲೆ ಬಾಚಿ ಕಳಿಸುವ ಹೆಂಗಸು, ಕೂದಲಿನ ವಿಷಯದಲ್ಲಿ ಅವರ ಮಾತಿಗೆ ಕಚೇರಿಯಲ್ಲಿ ಎದುರಿರಲಿಲ್ಲ.

"ಇಷ್ಟೇ ತಾನೇ? ಮತ್ತೆ ಬೆಳ್ಳಗೆ ಮಾಡಿದ್ರಾಯ್ತು," ಎಂದು ಕೈಚೀಲದಿಂದ ಪೌಡರ್ ಡಬ್ಬಿ ತೆಗೆದು ಗುಮಾಸ್ತರ ತಲೆಯ ಮೇಲೆ ಬೋರಲು ಹಾಕಿದರು. ಹುಬ್ಬಿಗೂ ಮೀಸೆಗೂ ಬೆರಳಿನಿಂದ ಹಚ್ಚಿದರು. ಗುಮಾಸ್ತರು ಯಂತ್ರದ ಮುಂದೆ ನಿಂತು ಒಂದು ಸೀನು ಸೀನಿದರು. ಪೌಡರೆಲ್ಲ ಯಂತ್ರದ ಕಣ್ಣಿಗೆ ಹೋಯಿತು.

"ಅದು ನಿಲ್ಲಬೇಕು ಅಂದ್ರೆ ಅಂಟು ಬೇಕು ಮೇಡಂ," ಎಂದ ಜವಾನ, ಯಂತ್ರದ ಗಾಜು ಒರೆಸುತ್ತಾ. ಗುಮಾಸ್ತರ ಚೀಲದಲ್ಲಿ ಜೆಲ್ ಇತ್ತು. ಎಂಥಾ ಗಾಳಿಗೂ ಅಲ್ಲಾಡದ ಆ ಜೆಲ್ಲು ಪೌಡರಿನ ಜತೆ ಸೇರಿ, ಫ್ಯಾನಿನ ಕೆಳಗೆ ಹತ್ತೇ ನಿಮಿಷದಲ್ಲಿ ಗಾರೆಯಂತೆ ಗಟ್ಟಿಯಾಯಿತು. ಜವಾನ ಬೆರಳಿನಿಂದ ತಟ್ಟಿ ನೋಡಿದ. ಟಕ್ ಟಕ್ ಎಂದಿತು.

ಗುಮಾಸ್ತರು ಮತ್ತೊಮ್ಮೆ ಯಂತ್ರದ ಮುಂದೆ ನಿಂತರು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು.

"ದಯವಿಟ್ಟು ಹೆಲ್ಮೆಟ್ ತೆಗೆಯಿರಿ," ಎಂದಿತು.

ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಬೇರೆ ಕೆಲಸ ನಿಂತೇಹೋಗಿತ್ತು. ಪರಿಹಾರದ ಅರ್ಜಿ ಕೊಡಲು ಬಂದ ಒಬ್ಬ ಲಾರಿ ಮಾಲೀಕ ಗುಮಾಸ್ತರನ್ನು ಕಂಡು, "ಪಾಪ, ಇವರದು ಯಾವ ಅಪಘಾತ?" ಎಂದು ಜವಾನನ ಹತ್ತಿರ ಮೆಲ್ಲಗೆ ವಿಚಾರಿಸಿದ. ಮೇಡಂ ಹೇಳಿದರೆಂದು ಗುಮಾಸ್ತರು ಶೌಚಾಲಯದ ಕೈತೊಳೆಯುವ ಸೋಪಿನಲ್ಲಿ ತಲೆ ಉಜ್ಜಿದರು. ಎಡಭಾಗದ ಬಣ್ಣ ಬಿಟ್ಟು ತುಕ್ಕು ಹಿಡಿದ ಗೇಟಿನಂತಾಯಿತು. ಬಲಭಾಗ ಕದಲದೆ ಕಪ್ಪಾಗಿಯೇ ಉಳಿಯಿತು. ಮುಂದಲೆಯಲ್ಲಿ ಒಂದು ಹಿಡಿ ಬಿಳಿ ಗಾರೆ ಕೊಂಬಿನಂತೆ ಎದ್ದು ನಿಂತದ್ದು ಸೋಪಿಗೂ ಬಗ್ಗಲಿಲ್ಲ, ಜವಾನನ ಸ್ಕೇಲಿಗೂ ಬಗ್ಗಲಿಲ್ಲ.

ಮ್ಯಾನೇಜರು ಮೀಟಿಂಗ್ ಮುಗಿಸಿ ಬಂದಾಗ ನಾಲ್ಕೂಮುಕ್ಕಾಲು. ಐದಕ್ಕೆ ದಿನದ ಹಾಜರಿ ಮುಚ್ಚುತ್ತಿತ್ತು. ಗುಮಾಸ್ತರು ಕೈಕಟ್ಟಿಕೊಂಡು ಅವರ ಮೇಜಿನ ಮುಂದೆ ನಿಂತರು. ಮ್ಯಾನೇಜರು ಒಮ್ಮೆ ನೋಡಿ ತಟ್ಟನೆ ಕಡತದೊಳಗೆ ಮುಖ ಹುದುಗಿಸಿದರು. ಭುಜ ಎರಡು ಸಲ ಕುಲುಕಿತು. ಆಮೇಲೆ ಗಂಭೀರವಾಗಿ ಕೇಳಿದರು.

"ಬೆಳಿಗ್ಗೆಯಿಂದ ಇಲ್ಲೇ ಇದ್ರಾ?"

"ಎಲ್ಲೂ ಹೋಗಿಲ್ಲ ಸಾರ್. ಈ ತಲೆ ಹೊತ್ಕೊಂಡು ಎಲ್ಲಿಗೆ ಹೋಗಲಿ?"

"ನಾನು ಬರ್ಕೊಟ್ರೆ ಹೆಡ್ ಆಫೀಸಲ್ಲಿ ನಡೆಯಲ್ಲ. ಯಂತ್ರದಲ್ಲಿ ಬಿದ್ದಿರಬೇಕು." ಅವರು ಕೊರಳಿನ ಕಾರ್ಡು ಹಿಡಿದುಕೊಂಡು ಎದ್ದರು. "ಹಳೇ ಫೋಟೊ ತೆಗೆದು ಹೊಸದು ಹಾಕೋ ಅಧಿಕಾರ ನನಗಿದೆ. ಇರೋ ಮುಖಾನೇ ದಾಖಲು ಮಾಡಿಬಿಡೋಣ. ಬನ್ನಿ."

ಬೆಳಿಗ್ಗೆಯಿಂದ ಯಾರಿಗೂ ಹೊಳೆಯದ ಉಪಾಯ ಅದು. ಇಡೀ ಕಚೇರಿ ಬಾಗಿಲಿಗೆ ಬಂದು ನಿಂತಿತು. ಯಂತ್ರ ಗುಮಾಸ್ತರನ್ನು ಎದುರಿನಿಂದ ನೋಡಿತು, ಎಡಕ್ಕೆ ತಿರುಗಲು ಹೇಳಿತು, ಬಲಕ್ಕೆ ತಿರುಗಲು ಹೇಳಿತು, ಗದ್ದ ಎತ್ತಿಸಿತು. ಐದಕ್ಕೆ ಎರಡು ನಿಮಿಷ ಇರುವಾಗ, "ಸ್ವಾಗತ. ಹಾಜರಿ ದಾಖಲಾಗಿದೆ," ಎಂದಿತು. ಮೇಡಂ ಚಪ್ಪಾಳೆ ತಟ್ಟಿದರು. ಗುಮಾಸ್ತರ ಕಣ್ಣು ತುಂಬಿ ಬಂತು. ಅದರಲ್ಲಿ ಸ್ವಲ್ಪ ಪಾಲು ಪೌಡರಿನದು.

ಕಚೇರಿಯಿಂದ ಹೊರಬಿದ್ದವರು ನೆಟ್ಟಗೆ ಮೂಲೆಯ ಕ್ಷೌರದಂಗಡಿಗೆ ಹೋದರು. ಕ್ಷೌರಿಕ ಒಬ್ಬನೇ ಕೂತು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ತಲೆಯ ಸುತ್ತ ಒಂದು ಸುತ್ತು ಬಂದು, "ಇದು ಬಾಚಣಿಗೆ ಕೆಲಸ ಅಲ್ಲ ಸಾರ್," ಎಂದ.

"ಬುಡಕ್ಕೆ ಹೊಡೆದುಬಿಡು. ಮೀಸೆನೂ ತೆಗಿ."

ಮೊದಲು ಮೀಸೆ ಹೋಯಿತು. ಆಮೇಲೆ ಮುಂದಲೆಯ ಗಾರೆ ಕಳಚಿ ನೆಲಕ್ಕೆ ಬಿದ್ದು ಮೂರು ಚೂರಾಯಿತು. ಕ್ಷೌರಿಕನ ಕೈಯಂತ್ರದ ಸದ್ದಿಗೆ ಎಡಭಾಗದ ತುಕ್ಕೆಲ್ಲ ಉದುರುತ್ತಾ ಬಂತು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ತಲೆಗೆ ಗಾಳಿ ತಾಕುತ್ತಿತ್ತು, ನಿದ್ದೆ ಬರುವಂತಿತ್ತು. ಆಗ ಫೋನು ಹೊಡೆದುಕೊಂಡಿತು. ಮೇಡಂ.

"ಸಾರ್, ಎಲ್ಲಿದ್ದೀರಿ? ಹೆಡ್ ಆಫೀಸಿಂದ ಈಗ ತಾನೇ ಮೆಸೇಜು ಬಂತು. ಫೋಟೊ ಒಂದು ಸಲ ಬದಲಾಯಿಸಿದ್ರೆ ಇನ್ನೊಂದು ವರ್ಷ ಮುಟ್ಟೋ ಹಾಗಿಲ್ವಂತೆ. ಮ್ಯಾನೇಜರಿಗೂ ಗೊತ್ತಿರಲಿಲ್ಲ, ಪಾಪ. ಅದಕ್ಕೇ ಮರೀದೆ ಹೇಳಿ ಅಂದ್ರು. ನಾಳೆ ಇದೇ ತಲೆಯಲ್ಲಿ ಬನ್ನಿ. ಒಂದು ಕೂದಲೂ ಆಚೀಚೆ ಆಗಬಾರದು."

ಗುಮಾಸ್ತರು ಫೋನನ್ನು ಮಡಿಲಲ್ಲಿಟ್ಟುಕೊಂಡರು. ಕನ್ನಡಿಯಲ್ಲಿ ಎಡಗಡೆ ನುಣ್ಣಗಾದ, ಬಲಗಡೆ ಕಪ್ಪಗೆ ನಿಂತ ತಲೆಯೊಂದು ಅವರನ್ನೇ ನೋಡುತ್ತಿತ್ತು. ಆಮೇಲೆ ಅವರ ದೃಷ್ಟಿ ನಿಧಾನವಾಗಿ ನೆಲದ ಮೇಲಿನ ಗುಡ್ಡೆಗೆ ಇಳಿಯಿತು. ಕ್ಷೌರಿಕನೂ ಅವರ ಜತೆ ಅದನ್ನೇ ನೋಡಿದ. ಕೈಯಲ್ಲಿನ ಯಂತ್ರ ಆರಿಸಿರಲಿಲ್ಲ.

"ಉಳಿದಿದ್ದೂ ತೆಗೀಲಾ ಸಾರ್?" ಎಂದ.