ಆವೃತ್ತಿ, ಅವೃತ್ತಿ, ನಿವೃತ್ತಿ

ಕರಡಪ್ಪನವರಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ಜನ ಹೇಳುವುದು ಶುದ್ಧ ಸುಳ್ಳು. ನಿಘಂಟಿನ ಮೇಲೆ ಇದೆ. ಮೂವತ್ನಾಲ್ಕು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದ ಅವರಿಗೆ ಆ ಹೆಸರಿಟ್ಟವರು ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. (ಸಿಟ್ಟು ಬಂದಾಗ ಚುಟುಕಾಗಿ ‘ಕರಡಿ’ ಎನ್ನುತ್ತಿದ್ದರು.) ಹಾಲಿನ ಪೊಟ್ಟಣದ ಮೇಲೆ ಒಂದು ದೀರ್ಘ ತಪ್ಪಿದ್ದರೆ ಹಾಲಿಗೆ ನೀರು ಬೆರೆಸಿದ್ದಾರೆಂದು ಅವರಿಗೆ ಅನುಮಾನ. ಆಸ್ಪತ್ರೆಯ ಫಲಕದಲ್ಲಿ ಒತ್ತಕ್ಷರ ತಪ್ಪಿದ್ದರೆ ಜ್ವರವನ್ನು ಹಾಗೇ ಮನೆಗೆ ವಾಪಸು ಕರೆತರುತ್ತಾರೆ.

ಅಂದು ಮಧ್ಯಾಹ್ನ ಮೂರು ಗಂಟೆಗೆ ಅವರ ಹೆಂಡತಿ ಹೊಲಿಗೆ ಯಂತ್ರ ಬಿಟ್ಟೆದ್ದು ಲ್ಯಾಪ್‌ಟಾಪ್ ಮುಂದೆ ಕೂತರು. ಹೊಲಿದ ಬಟ್ಟೆಗಳನ್ನು ತಾವೇ ಮನೆಮನೆಗೆ ಮುಟ್ಟಿಸಬೇಕೆಂದು ಎರಡು ತಿಂಗಳು ಬಿದ್ದು, ಎದ್ದು, ಮೊಣಕೈ ತರಚಿಕೊಂಡು ಸ್ಕೂಟರ್ ಕಲಿತಿದ್ದರು. ಲೈಸೆನ್ಸ್ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳಲು ಅಂದೇ ಸಂಜೆ ಐದು ಗಂಟೆ ಕಡೆಯ ಗಡುವು. ತಪ್ಪಿದರೆ ಇನ್ನು ನಾಲ್ಕು ತಿಂಗಳು ಕಾಯಬೇಕು. ಸಾರಿಗೆ ಕಚೇರಿಯ ಪುಟವೇನೋ ತೆರೆಯಿತು, ಆದರೆ ಅರ್ಜಿಯ ಬದಲು ಒಂದು ಹಳದಿ ಪಟ್ಟಿ ಬಂದು ನಿಂತಿತು: “ನಿಮ್ಮ ಬ್ರೌಸರ್ ತುಂಬಾ ಹಳೆಯದು. ಹೊಸ ಅವೃತ್ತಿಗೆ ಬದಲಾಯಿಸಿ.”

“ಏನೂಂದ್ರೆ, ಹೊಸ ಬ್ರೌಸರ್ ಹಾಕ್ಕೊಳ್ಳಿ ಅಂತಿದೆ. ಒತ್ತಲಾ?”

“ಮುಟ್ಟಬೇಡ!” ಕರಡಪ್ಪನವರು ಒಳಕೋಣೆಯಿಂದ ಕನ್ನಡಕದ ಸಮೇತ ಹಾರಿ ಬಂದರು. ಪರದೆಗೆ ಮೂಗು ತಾಗುವಷ್ಟು ಬಾಗಿ ಓದಿದರು. “ನೋಡ್ದ್ಯಾ? ‘ಅವೃತ್ತಿ’ಯಂತೆ! ಆವೃತ್ತಿ ಅನ್ನೋದಕ್ಕೆ ದೀರ್ಘ ಇಲ್ಲ. ಅವೃತ್ತಿ ಅಂದ್ರೆ ಏನರ್ಥ? ವೃತ್ತಿ ಇಲ್ಲದ್ದು. ಯಾವನೋ ಕೆಲಸವಿಲ್ಲದವನು ಬರೆದಿದ್ದಾನೆ.”

“ನಿವೃತ್ತಿ ಆದೋರಿಗೆ ಅವೃತ್ತಿ ಕಂಡ್ರೆ ಯಾಕೆ ಅಷ್ಟು ಕೋಪ?”

“ತಮಾಷೆ ಬೇಡ. ಕಳ್ಳರ ಗುರುತೇ ಇದು. ಕದಿಯೋಕೆ ಬರುತ್ತೆ, ಕಾಗುಣಿತ ಬರಲ್ಲ.”

“ರೀ, ಅದು ಸರ್ಕಾರಿ ಕಚೇರಿ ಪುಟ!”

“ಅಲ್ಲೇ ಹೊಂಚು ಹಾಕ್ತಾರೆ.”

ಗಡಿಯಾರ ಮೂರೂವರೆ ತೋರಿಸಿತು. ಹೆಂಡತಿ ಬೇಡಿಕೊಂಡರು, ಗದರಿದರು, ತರಚಿದ ಮೊಣಕೈಯನ್ನು ಸಾಕ್ಷ್ಯವಾಗಿ ಮುಂದಿಟ್ಟರು. ಕರಡಪ್ಪನವರು ಜಗ್ಗಲಿಲ್ಲ. ಮೊದಲು ಕೂಲಂಕಷ ತನಿಖೆ ಆಗಬೇಕೆಂದು ಸಾರಿ, ಹೆಂಡತಿಯನ್ನು ಎಬ್ಬಿಸಿ ತಾವೇ ಕೂತರು. ‘ಬ್ರೌಸರ್ ಬದಲಿಸುವುದು ಕ್ಷೇಮವೇ?’ ಎಂದು ಒಂದೇ ಬೆರಳಿನಲ್ಲಿ ಕುಟ್ಟಿ, ಪ್ರಶ್ನಾರ್ಥಕ ಚಿಹ್ನೆ ಎಲ್ಲಿದೆಯೆಂದು ಆರು ನಿಮಿಷ ಹುಡುಕಿ, ಕೊನೆಗೆ ಹುಡುಕಾಟದ ಗುಂಡಿ ಒತ್ತಿದರು. ನಾಲ್ಕಾರು ಪುಟ ಅಲೆದ ಮೇಲೆ, ಒಂದು ಕಡೆ ನೀಲಿ ಚೌಕಟ್ಟೊಂದು ತಟ್ಟನೆ ಮೇಲೆದ್ದಿತು:

“ಮಾನ್ಯರೇ, ತಮ್ಮ ಬ್ರೌಸರಿನ ಆವೃತ್ತಿಯು ಹಳತಾಗಿದೆ. ತಮ್ಮ ಸುರಕ್ಷತೆಯ ದೃಷ್ಟಿಯಿಂದ, ದಯವಿಟ್ಟು ಇದನ್ನು ಒತ್ತಿ.”

ಕರಡಪ್ಪನವರ ಮುಖ ಅರಳಿತು. “ನೋಡೇ, ಭಾಷೆ ಅಂದ್ರೆ ಇದು! ಆವೃತ್ತಿಗೆ ದೀರ್ಘ ಇದೆ. ಸುರಕ್ಷತೆಗೆ ಕ್ಷಕಾರ ಇದೆ. ಮಾನ್ಯರೇ ಆದ್ಮೇಲೆ ಅಲ್ಪವಿರಾಮ! ಹೆತ್ತವರು ಯಾರೋ, ಚೆನ್ನಾಗಿ ಓದಿಸಿದ್ದಾರೆ.”

“ಅಲ್ಲಾ, ಇದು ಎಲ್ಲಿಂದ ಬಂತು ಅಂತಾದ್ರೂ ನೋಡಿ.” ಈಗ ಅನುಮಾನಪಡುವ ಸರದಿ ಹೆಂಡತಿಯದು.

“ಇಂಥ ವಾಕ್ಯ ಬರೆಯೋನು ಮೋಸ ಮಾಡಲ್ಲ,” ಎಂದು ಕರಡಪ್ಪನವರು ಒತ್ತಿಯೇ ಬಿಟ್ಟರು.

ಮುಂದಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಒಂದು ಚೌಕಟ್ಟು ಎರಡಾಯಿತು, ಎರಡು ಇಪ್ಪತ್ತಾಯಿತು. ಯಾವುದನ್ನು ಮುಚ್ಚಿದರೂ ಅದರ ಅಣ್ಣತಮ್ಮಂದಿರು ಬಂದರು. ಲ್ಯಾಪ್‌ಟಾಪ್ ಕಿವಿಗಡಚಿಕ್ಕುವಂತೆ ಕೂಗತೊಡಗಿತು. ಕರಡಪ್ಪನವರು ಅದರ ಮೇಲೆ ದಿಂಬು ಒತ್ತಿ ಹಿಡಿದರು. ಆಗ ನಾಲ್ಕೂ ಇಪ್ಪತ್ತು.

ಹೆಂಡತಿ ದಿಂಬು ಕಿತ್ತೆಸೆದು, ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ತುದಿಯ ರಿಪೇರಿ ಅಂಗಡಿಗೆ ಓಡಿದರು. ಕರಡಪ್ಪನವರು ಚಪ್ಪಲಿ ಅದಲುಬದಲು ಹಾಕಿಕೊಂಡು ಹಿಂದೆಯೇ ಹೊರಟರು. ಅಂಗಡಿಯಾಕೆ ಒಳ್ಳೆಯ ಹೆಂಗಸು, ಹಳದಿ ಪಟ್ಟಿ, ನೀಲಿ ಚೌಕಟ್ಟು ಎಲ್ಲವನ್ನೂ ಹೆಂಡತಿಯ ಬಾಯಿಂದ ಕೇಳಿಸಿಕೊಂಡಳು. “ಅಳಬೇಡಿ ಆಂಟಿ, ಮೊದ್ಲು ನನ್ನ ಕಂಪ್ಯೂಟರಲ್ಲಿ ಅರ್ಜಿ ಹಾಕಿ,” ಎಂದು ಕುರ್ಚಿ ಬಿಟ್ಟುಕೊಟ್ಟಳು. ಅಲ್ಲಿ ಹಳದಿ ಪಟ್ಟಿಯೂ ಇರಲಿಲ್ಲ, ಅವೃತ್ತಿಯೂ ಇರಲಿಲ್ಲ. ನಾಲ್ಕೂ ಐವತ್ತೆರಡಕ್ಕೆ ಪರೀಕ್ಷೆಯ ದಿನ ಸಿಕ್ಕಿತು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಮೊದಲ ಬಾರಿಗೆ ನೆಟ್ಟಗೆ ಉಸಿರಾಡಿದರು.

ಅಂಗಡಿಯಾಕೆ ಕೂಗುತ್ತಿದ್ದ ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡಳು. “ಇದಾ! ಸಾರಿಗೆ ಕಚೇರಿ ಪಟ್ಟಿ ನಿಜವಾದ್ದು ಸಾರ್, ಅದನ್ನ ಒತ್ತಿದ್ರೆ ಮೂರು ನಿಮಿಷದಲ್ಲಿ ಮುಗೀತಿತ್ತು. ಈ ನೀಲಿದು ಕಳ್ಳರದು. ಮೊದ್ಲು ಇವರ ಕನ್ನಡ ಓದಿದ್ರೆ ನಗು ಬರ್ತಿತ್ತು, ಯಾರೂ ನಂಬ್ತಿರ್ಲಿಲ್ಲ. ಒಂದು ತಿಂಗಳಿಂದ ಯಾವನೋ ಪುಣ್ಯಾತ್ಮ ಚೆನ್ನಾಗಿ ತಿದ್ದಿಕೊಟ್ಟಿದ್ದಾನೆ. ದಿನಕ್ಕೆ ಐದು ಮಷಿನ್ ಬರ್ತಿವೆ!”

“ಅವನ ಕೈ ಸೇದಿಹೋಗ,” ಎಂದರು ಹೆಂಡತಿ.

ಅಂಗಡಿಯಾಕೆ ಪುಟವನ್ನು ಕೆಳಗೆ ಸರಿಸಿ, ಉಳಿದದ್ದನ್ನು ಗಟ್ಟಿಯಾಗಿ ಓದಿದಳು: “ತಾವು ಕಿಂಚಿತ್ತೂ ಅಳುಕದೆ ನಿಶ್ಚಿಂತೆಯಿಂದ ಮುಂದುವರಿಯಬಹುದು.”

ಕಿಂಚಿತ್ತೂ ಅಳುಕದೆ! ಕರಡಪ್ಪನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಕಳೆದ ತಿಂಗಳು ಯಾರೋ ಅಪರಿಚಿತರು ಇಮೇಲ್ ಕಳಿಸಿ, ಜನಜಾಗೃತಿಯ ನಾಲ್ಕು ವಾಕ್ಯಗಳಿವೆ, ದೊಡ್ಡ ಮನಸ್ಸು ಮಾಡಿ ತಿದ್ದಿಕೊಡಿ ಎಂದಿದ್ದರು. ಅದರಲ್ಲಿ ಹದಿನೇಳು ತಪ್ಪುಗಳಿದ್ದವು. ನಿವೃತ್ತಿಯ ನಂತರ ಒಟ್ಟಿಗೆ ಹದಿನೇಳು ತಪ್ಪು ಸಿಕ್ಕ ಸಂಭ್ರಮದಲ್ಲಿ ಅನುಮಾನಪಡುವುದನ್ನೇ ಮರೆತು, ಅವರು ಅಷ್ಟನ್ನೂ ತಿದ್ದಿ, ‘ಹೆದರಬೇಡಿ’ ಎಂಬಲ್ಲಿ ‘ಕಿಂಚಿತ್ತೂ ಅಳುಕದೆ’ ಎಂದು ಸೇರಿಸಿ, ಶುಭ ಹಾರೈಸಿ ಕಳಿಸಿದ್ದರು. ತಿದ್ದಿ ಮುಗಿಸಿದ ವಾಕ್ಯಗಳನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಅವರಿಗೆ ಮುದ್ರಣಾಲಯದಲ್ಲೂ ಇರಲಿಲ್ಲ, ತಾವೇ ಸೇರಿಸಿದ ಪದ ಮಾತ್ರ ಮರೆಯುತ್ತಿರಲಿಲ್ಲ.

ಈಗ ಬಾಯಿ ಬಿಡಬಾರದು. ಅಷ್ಟು ಬುದ್ಧಿ ಅವರಿಗೂ ಇತ್ತು. ತುಟಿ ಬಿಗಿದುಕೊಂಡು, ಕೈ ಕಟ್ಟಿಕೊಂಡು, ಗೋಡೆ ನೋಡುತ್ತ ನಿಂತರು. ಆದರೆ ಕಣ್ಣು ಕೇಳಬೇಕಲ್ಲ! ಅದು ಮೆಲ್ಲಗೆ ಪರದೆಯತ್ತ ಜಾರಿತು, ಆ ವಾಕ್ಯದ ಮೇಲೆ ಹರಿಯಿತು, ಅರ್ಧದಲ್ಲಿ ನಿಂತಿತು.

“ಅಯ್ಯೋ ಪಾಪಿಗಳಾ!” ಕರಡಪ್ಪನವರು ಚೀರಿದರು. “‘ಅಳುಕದೆ’ ಆದ್ಮೇಲೆ ನಾನು ಹಾಕಿದ್ದ ಅಲ್ಪವಿರಾಮ ಎಲ್ರೋ?”

ಅಂಗಡಿಯಾಕೆಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಹೆಂಡತಿ ನಿಧಾನವಾಗಿ ಕುರ್ಚಿಯಿಂದೆದ್ದರು.

“ಯಾರು ಹಾಕಿದ್ದು?”