ಗೆಲಾಕ್ಸಿಗಳು ಕೂಡಿದರೆ ಏನಾಗುತ್ತದೆ?

ನನ್ನ ಕೆಲಸ ಏನೆಂದು ಬಾಯಿಬಿಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಕೋಟ್ಯಂತರ ನಕ್ಷತ್ರಗಳು ಸೇರಿದರೆ ಒಂದು ಗೆಲಾಕ್ಸಿ. ಅಂಥ ನೂರಾರು ಗೆಲಾಕ್ಸಿಗಳ ಎರಡು ಗುಂಪುಗಳು ಒಂದರೊಳಗೊಂದು ನುಗ್ಗಿದಾಗ ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಅಲ್ಲಿಂದ ಬರುವ ರೇಡಿಯೋ ಅಲೆಗಳು ಏನಾಗುತ್ತವೆ ಎಂದು ನೋಡುವುದು ನನ್ನ ಕೆಲಸ. ನನಗೇ ಇನ್ನೂ ಪೂರ್ತಿ ಅರ್ಥವಾಗಿಲ್ಲ.

೧. ಲೋಕಲ್‌ನಲ್ಲಿ

ಪರೇಲ್‌ನಲ್ಲಿ ಲೋಕಲ್ ರೈಲು ಹತ್ತಿದೆ. ಕೈಯಲ್ಲಿ ಡಿಕ್ಕಿಯಾದ ಗೆಲಾಕ್ಸಿ ಗುಂಪಿನ ರೇಡಿಯೋ ಚಿತ್ರವಿತ್ತು, ಕಪ್ಪಿನ ಮೇಲೆ ಕೆಂಪು ಕೆಂಪು ಕಲೆ. ಕೂತಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಮೆಲ್ಲಗೆ ಹಿಂದಿಯಲ್ಲಿ ಕೇಳಿದಳು, "ಹರಡಿದೆಯಾ?"

"ಹೌದು, ಬಹಳ ದೂರ ಹರಡಿದೆ," ಎಂದೆ.

ಆಕೆ ಎದ್ದು ನನ್ನನ್ನು ಕೂರಿಸಿ ತಲೆ ಸವರಿದಳು. ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಯಿಂದ ಸ್ಕ್ಯಾನ್ ಹಿಡಿದು ಬಂದವಳೆಂದು ತಿಳಿದಿದ್ದಾಳೆ ಎಂದು ಹೊಳೆಯುವಷ್ಟರಲ್ಲಿ ಕಿಟಕಿ ಪಕ್ಕದವಳೂ ಜಾಗ ಬಿಟ್ಟುಕೊಟ್ಟಳು. ಸಂಜೆಯ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಕ್ಕ ಮೇಲೆ ಖಗೋಳಶಾಸ್ತ್ರ ವಿವರಿಸುವಷ್ಟು ಹುಚ್ಚಿ ನಾನಲ್ಲ.

೨. ಆಮಂತ್ರಣ

ನಮ್ಮ ಕಡೆಯ ಕನ್ನಡ ಸಂಘದ ಕಾರ್ಯದರ್ಶಿ ಗದಗದವರು. ಸಂಘವಿದ್ದ ಬಿಲ್ಡಿಂಗ್ ಕೆಡವುತ್ತಾರೆ, ಮಕ್ಕಳ ಭಾನುವಾರದ ಕನ್ನಡ ತರಗತಿಗೆ ಜಾಗವಿಲ್ಲ. ಮಾಟುಂಗದ ಸಂಘದ ಜೊತೆ ವಿಲೀನವಾಗದಿದ್ದರೆ ತರಗತಿ ಮುಚ್ಚಿದಂತೆಯೇ. ಆದರೆ ಅಧ್ಯಕ್ಷರು ಯಾರಾಗಬೇಕೆಂದು ಎರಡೂ ಕಡೆ ಜಗಳ. ನಿರ್ಧಾರದ ಸಭೆಯಲ್ಲಿ ಮೊದಲು ನನ್ನ ಉಪನ್ಯಾಸ ಇಟ್ಟರು.

"ಅಕ್ಕಾರ, ಎರಡು ಗುಂಪು ಕೂಡಿದ್ರ ಚಲೋ ಆಗ್ತೈತಿ ಅಂತ ವಿಜ್ಞಾನದಾಗ ಹೇಳಿಬಿಡ್ರಿ."

"ವಿಜ್ಞಾನ ಹಾಗೆ ಹೇಳುವುದಿಲ್ಲವಲ್ಲ?"

"ಹಂಗಾರ ಅಷ್ಟು ಬಿಟ್ಟು ಉಳಿದದ್ದು ಹೇಳ್ರಿ."

೩. ಉಪನ್ಯಾಸ

"ಕೂಡಿದ ಹೊಸತರಲ್ಲಿ ಕೆಲವು ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಜೋರಾಗಿ ಹುಟ್ಟಬಹುದು," ಎಂದೆ. ನಮ್ಮವರು ಚಪ್ಪಾಳೆ ತಟ್ಟಿದರು. "ಆಮೇಲೆ ಅವುಗಳ ಅನಿಲ ಕಿತ್ತುಹೋಗಿ ಹುಟ್ಟುವುದೇ ನಿಲ್ಲಬಹುದು." ಈಗ ಮಾಟುಂಗದವರು ತಟ್ಟಿದರು. "ರೇಡಿಯೋ ಅಲೆಗಳ ಅಬ್ಬರ ಮಾತ್ರ ಅಂಚಿನಲ್ಲಿ ಹೆಚ್ಚುತ್ತದೆ," ಎಂದಾಗ ಎಲ್ಲರೂ ತಿರುಗಿ ಗದ್ದಲ ಮಾಡುತ್ತಿದ್ದ ಹಿಂದಿನ ಸಾಲಿನವರನ್ನು ನೋಡಿದರು. ನನಗೆ ತಲೆಬುಡ ತಿಳಿಯಲಿಲ್ಲ.

ಮಾಟುಂಗದ ಅಧ್ಯಕ್ಷರು ಎದ್ದರು. ಉಡುಪಿ ಕಡೆಯವರು, ಹೋಟೆಲ್ ಮಾಲೀಕರು. "ಅದೆಲ್ಲ ಇರ್ಲಿ ಮಾರಾಯ್ರೆ. ಸೇರಿದ ಮೇಲೆ ನಡುವಲ್ಲಿ ಕೂರುವುದು ಯಾರು?"

"ಅದು ಬೇಗ ತೀರ್ಮಾನವಾಗುವುದಿಲ್ಲ. ಮೊದಲು ಒಂದರೊಳಗಿಂದ ಒಂದು ಹಾದುಹೋಗುತ್ತವೆ, ಮತ್ತೆ ತಿರುಗಿ ಬರುತ್ತವೆ. ಎಲ್ಲ ಒಂದಾಗಿ ನೆಲೆ ನಿಲ್ಲಲು ನೂರಾರು ಕೋಟಿ ವರ್ಷ ಬೇಕು."

ಕಾರ್ಯದರ್ಶಿಯ ಮುಖ ಬಾಡಿತು. ಮಕ್ಕಳ ತರಗತಿಗೆ ನಾನೇ ಕಲ್ಲು ಹಾಕಿದ್ದೆ.

ಅಧ್ಯಕ್ಷರು ಸಭೆಯತ್ತ ತಿರುಗಿದರು. "ಅಷ್ಟು ಸಮಯ ಉಂಟಾ? ಮತ್ತೆ ಈಗ್ಲೇ ಜಗಳ ಎಂತಕ್ಕೆ? ಸೇರುವ."

ಎಲ್ಲರೂ ಕೈ ಎತ್ತಿದರು. ಭಾನುವಾರದ ತರಗತಿ ಮಾಟುಂಗದಲ್ಲಿ ಎಂದು ಅಲ್ಲಿಯೇ ನಿರ್ಧಾರವಾಯಿತು. ಅನುಮಾನದಿಂದಲೇ ನಾನೂ ಕೈ ಎತ್ತಿದೆ. ಆಮೇಲೆ ನನಗೆ ಶಾಲು ಹೊದಿಸಿ, ಎರಡೂ ಗುಂಪು ಒಂದಾಗಿ ನೆಲೆ ನಿಲ್ಲುವ ತನಕ ಮಾತ್ರ ಎಂದು ಸಮಾಧಾನ ಹೇಳಿ, ನನ್ನನ್ನೇ ಹಂಗಾಮಿ ಅಧ್ಯಕ್ಷೆ ಮಾಡಿದರು.